ಜಮಖಾನದ ಹಿಮ್ಮೈ

ಅರ್ಜಿಯಲ್ಲಿ ಕೇಳಿದ್ದರು:
ನಿಮ್ಮ ಸಹಭಾಗಿ ಸಂಸ್ಥೆಗಳು ಯಾವುವು, ಪಾಲುದಾರಿಕೆ ಎಂದಿನಿಂದ,
ದಾಖಲೆ ಲಗತ್ತಿಸಿ, ಮೂರು ಪ್ರತಿ.
'ಅಟ್ಟ' ರಂಗಬಳಗದ ಖಜಾಂಚಿ ನಾನು,
ಇಪ್ಪತ್ತೆರಡು ವರ್ಷ ಜಮಾಖರ್ಚು ಬರೆದವಳು,
ಖರ್ಚಿನ ಪುಟ ತುಂಬಿ
ಖಾಲಿ ಬಿದ್ದ ಜಮೆಯ ಪುಟಕ್ಕೂ ಖರ್ಚನ್ನೇ ಹರಿಸಿದವಳು.
ಸಹಭಾಗಿ ಎಂಬುದಕ್ಕೆ ಮಾತ್ರ
ನನ್ನ ಲೆಡ್ಜರಿನಲ್ಲಿ ಕಾಲಂ ಇರಲಿಲ್ಲ.

ಭಾನುವಾರ ಎಲ್ಲರನ್ನೂ ಕರೆದೆವು,
ಹಾಸನದ ಕಾಫಿಪುಡಿ ಅಂಗಡಿಯ ಮೇಲಿನ ನಮ್ಮ ಅಟ್ಟಕ್ಕೆ.
ಪೆನ್ಷನ್ ಮೊಹಲ್ಲಾದಿಂದ ಖಲೀಲ್ ಸಾಹೇಬರು,
ಹೊಲಿಗೆಯಂಗಡಿಗೆ ಅರ್ಧ ಬಾಗಿಲೆಳೆದು, ಕೊರಳಲ್ಲಿ ಟೇಪು ಹಾಗೇ.
ಅವರದು ಬಜ್ಮ್-ಎ-ಚಿರಾಗ್: ತಿಂಗಳಿಗೊಂದು ಮುಷಾಯಿರಾ,
ಕೇಳುಗರು ಹನ್ನೊಂದು ಜನ,
ಹನ್ನೊಂದು ಜನವೂ ಕವಿಗಳೇ.
ಗಂಡಸಿಯಿಂದ ಮೊದಲ ಬಸ್ಸಿಗೆ ದೇವೀರಪ್ಪ,
ಮೂಡಲಪಾಯದ ಭಾಗವತರು,
ಚೀಲದಲ್ಲಿ ತಾಳ, ಪೊಟ್ಟಣದಲ್ಲಿ ಕಡಲೆಪುರಿ.

ಯಾರ ಹೆಸರು ಮೊದಲು ಎಂಬಲ್ಲೇ
ಎರಡು ಸುತ್ತು ಟೀ ಮುಗಿಯಿತು.
"ಅಕಾರಾದಿ ಇಡೋಣ" ಎಂದ ಕಾರ್ಯದರ್ಶಿ ವರದರಾಜು,
ಅಟ್ಟದ 'ಅ'ವನ್ನು ಬಾಯೊಳಗೇ ಚಪ್ಪರಿಸುತ್ತ.
"ಉರ್ದುವಲ್ಲಿ ಬರೆಯಿರಿ" ಎಂದರು ಸಾಹೇಬರು,
"ಬಲದಿಂದ ಓದಿದರೆ ನಿಮ್ಮ ಕೊನೆಯೇ ನಮ್ಮ ಮೊದಲು."
ದೇವೀರಪ್ಪನವರಿಗೆ ಆ ಚಿಂತೆಯೇ ಇಲ್ಲ:
"ನಮ್ಮ ಮೇಳಕ್ಕೆ ಹೆಸರೆಲ್ಲಿದೆ ತಾಯಿ,
ಗಂಡಸಿಯೋರು ಬಂದ್ರು ಅಂತಾರೆ, ಅಷ್ಟೇಯ."

ಹೋಗಲಿ, ಆಸ್ತಿ ಪಟ್ಟಿ ಮಾಡೋಣವೆಂದು
ಬಿಳಿ ಪೇಂಟಿನ ಡಬ್ಬಿ ತೆರೆದೆ.
ಮೊದಲ ನಂಬರು ಜಮಖಾನಕ್ಕೆ.
ಮಗುಚಿದೆವು.
ಹಿಮ್ಮೈಯ ಮೂಲೆಯಲ್ಲಿ ಮಸಿಯ ಬಳುಕು ಅಕ್ಷರ,
ನಾವು ಇಷ್ಟು ಕಾಲ ಎಣ್ಣೆಯ ಕಲೆ ಎಂದುಕೊಂಡದ್ದು.
ಸಾಹೇಬರು ಕೂತು, ಬೆರಳಿಟ್ಟು, ಬಲದಿಂದ ಓದಿದರು:
"ಬಜ್ಮ್-ಎ-ಚಿರಾಗ್." ಆಮೇಲೆ ತಡೆದು:
"ಅಬ್ಬಾ ಬರೆದದ್ದು. 'ಚ'ದ ಹೊಟ್ಟೆ ಹೀಗೆ ದೊಡ್ಡದು ಮಾಡ್ತಿದ್ದರು."

ನನಗಿಂತ ಹಿಂದಿನ ಖಜಾಂಚಿಯ ಪುಸ್ತಕ ಹುಡುಕಿದೆ.
ಸಿಕ್ಕಿತು, ಬೆಳ್ಳಿಮೀನು ತಿಂದುಳಿದ ಸಾಲು:
ಜಮಖಾನ ಒಂದು, ಕೈಗಡ, ನಾಟಕ ಮುಗಿದ ಮೇಲೆ ಹಿಂದಿರುಗಿಸುವುದು.
ವರದರಾಜುವಿನ ಕಿವಿ ಕೆಂಪಾಯಿತು.
"ನಾಟ್ಕ ಎಲ್ಲಿ ಮುಗೀತು?" ಎಂದರು ದೇವೀರಪ್ಪ, ಪುರಿ ಜಗಿಯುತ್ತ.

ಬಾಯಿ ಬಿಟ್ಟಿತು ಪಟ್ಟಿ ಆಮೇಲೆ.
ನಮ್ಮ ಮಖಮಲ್ಲು ಪರದೆಗೆ ಇಲಿ ಬಿದ್ದದ್ದಲ್ಲವಂತೆ,
ಅದರ ಅಂಚು ಗಂಡಸಿಯ ಕರ್ಣನ ಎದೆಗಟ್ಟಾಗಿದೆಯಂತೆ,
ಹಳೆಯ ಕಾರ್ಯದರ್ಶಿಯೇ ಕತ್ತರಿಸಿ ಕೊಟ್ಟದ್ದಂತೆ.
"ಹೊಲಿದವನು ನಾನು" ಎಂದರು ಸಾಹೇಬರು,
"ಕೂಲಿ ಇಬ್ಬರೂ ಕೊಟ್ಟಿಲ್ಲ."
ಅವರ ಮೈಕಿನ ಸ್ಟ್ಯಾಂಡು ನೋಡಿದರೆ
ನಮ್ಮ ಯಾವುದೋ ರಾಜನ ಈಟಿ.

ಒಂದನ್ನು ಮಾತ್ರ ಯಾರೂ ಎತ್ತಲಿಲ್ಲ.
ಊರು ಬಾಗಿಲು ಹಾಕಿಕೊಂಡ ಆ ವಾರ
ಹನ್ನೊಂದು ಜನ ಹಿಂದಿನ ಮೆಟ್ಟಿಲಿಂದ ಹತ್ತಿ ಬಂದು
ಇದೇ ಜಮಖಾನದ ಮೇಲೆ ಪಿಸುದನಿಯಲ್ಲಿ ಓದಿದ್ದರು.
ಚಪ್ಪಾಳೆ ಬೀದಿಗೆ ಕೇಳಬಾರದೆಂದು
ನಾವು ಎರಡು ಬೆರಳಿಂದ ಅಂಗೈ ತಟ್ಟಿದ್ದೆವು.
ಅದಕ್ಕೆ ಯಾವ ನಂಬರು ಹಾಕಲಿ?
ಕುಂಚ ಒಣಗಿತು.

ಎಂದಿನಿಂದ ಎಂಬಲ್ಲಿ "ಈ ವರ್ಷ" ಎಂದು ಬರೆದ ವರದರಾಜು,
ಜೆರಾಕ್ಸಿಗೆ ಹೊರಟ.
ದಾಖಲೆಯ ಜಾಗ ಖಾಲಿ ಬಿಟ್ಟೆ:
ಸಾಹೇಬರು ಟೇಪು ಹಿಡಿದು ಅಳೆದಿದ್ದರು,
ಹದಿನೆಂಟು ಅಡಿ, ಹನ್ನೆರಡು;
ಯಾವ ಲಕೋಟೆಗೂ ಹಿಡಿಸುವುದಿಲ್ಲ.

ಟೀ ನಾಲ್ಕು ಸುತ್ತು, ಬಸ್ ಚಾರ್ಜು,
ಹೊಲಿಗೆ ಕೂಲಿ ಹಳೇ ಬಾಕಿ: ಖರ್ಚಿಗೆ ಬರೆದೆ.
"ತಗೊಂಡು ಹೋಗಿ ಸಾಹೇಬರೇ" ಎಂದೆ ಜಮಖಾನ ತೋರಿಸಿ.
"ಇಡೋದೆಲ್ಲಿ?" ಎಂದರು.
ಮಡಚಲು ಎದ್ದೆವು. ಒಬ್ಬೊಬ್ಬರಿಗೆ ಒಂದು ಮೂಲೆ,
ನಾಲ್ಕನೆಯದು ನೆಲದ ಮೇಲೆ ಎಳೆದಾಡುತ್ತಿತ್ತು.
ದೇವೀರಪ್ಪ ಬಗ್ಗಿ, ಏಣಿಮೆಟ್ಟಿಲ ಕಿಂಡಿಯಿಂದ
ಭಾಗವತಿಕೆಯ ಗಂಟಲಲ್ಲಿ ಕೂಗಿದರು
ಕೆಳಗೆ ಕಾಫಿಬೀಜ ಹುರಿಯುತ್ತಿದ್ದ ಹುಡುಗನನ್ನು:
"ಮಗಾ, ಒಂದ್ ಕೈ ಹಾಕ್ ಬಾರೋ."